ಮೊಣಕೈ ಮೇಡಮ್ಮ

ಕಳೆದ ವಾರ ನಮ್ಮ ಮನೆಗೆ ಹೊಸ ಅಡುಗೆ ಕಟ್ಟೆ ಹಾಕಲು ಬಂದ ಮೇಸ್ತ್ರಿಗೂ ನನಗೂ ಜಗಳವಾಯಿತು. ಮದಕರಿಪುರದ ತಿಪ್ಪೇಶ, ಬಾಗಿಲಿಗೆ ತಲೆ ತಗ್ಗಿಸಿ ಬರುವಂಥ ಎತ್ತರದ ಆಳು, ಕೈಕೆಲಸ ಚೊಕ್ಕ. ಕಲ್ಲು ಕೂರಿಸಿ, ಮಟ್ಟ ನೋಡಿ, "ಹೆಂಗೈತೆ ನೋಡ್ರಮ್ಮ" ಎಂದ. ನಾನು ಕಟ್ಟೆಯ ಮುಂದೆ ನಿಂತು, ತೋಳನ್ನು ಪಕ್ಕೆಗೆ ಒತ್ತಿಕೊಂಡು, ಮುಂಗೈ ಮಡಚಿ ಚಾಚಿದೆ. ಕಟ್ಟೆ ನನ್ನ ಮೊಣಕೈಗಿಂತ ಮೇಲಿತ್ತು.

"ಇಳಿಸು" ಎಂದೆ.

"ಎಲ್ರ ಮನೇಲೂ ಇಷ್ಟೇ ಎತ್ತರ ಹಾಕಿದೀನಲ್ರಮ್ಮ."

"ಎಲ್ಲರ ಮನೆಯಲ್ಲೂ ನಾನು ಚಪಾತಿ ಲಟ್ಟಿಸುತ್ತೀನಾ? ಇಳಿಸಪ್ಪ."

ಅವನು ಕರಣೆ ಕೆಳಗಿಟ್ಟ. "ಈ ಲೆಕ್ಕಾಚಾರ ಯಾರು ಹೇಳ್ಕೊಟ್ರೋ ನಿಮಗೆ" ಎಂದು ಗೊಣಗಿದ. ಗೊಣಗಿದ್ದಾದರೂ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಹೇಳಿಕೊಟ್ಟವರು ತೀರಿಕೊಂಡ ಸುದ್ದಿ ನನ್ನ ಕಿವಿಗೆ ಬಿದ್ದು ಇನ್ನೂ ತಿಂಗಳೂ ಆಗಿರಲಿಲ್ಲ. ಅವನನ್ನು ಸಿಮೆಂಟಿನ ಚೀಲದ ಮೇಲೆ ಕೂರಿಸಿ, ಟೀ ಕೊಟ್ಟು, ಹೇಳತೊಡಗಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಐಮಂಗಲದ ಸುತ್ತಿನ ಹಳ್ಳಿಗಳಿಗೆ ಗ್ರಾಮಸೇವಿಕೆ. ಹೊಳಲ್ಕೆರೆಯ ಹುಡುಗಿ, ಹೊಸ ಕೆಲಸ, ಬಾಯಿ ಸ್ವಲ್ಪ ಜೋರು. ಹೈವೇಯಿಂದ ಒಳಗೆ ಒಂದು ಬೀಜದ ಫಾರಂ ಇತ್ತು, ಈಗ ಅದರ ಗುರುತೂ ಇಲ್ಲ. ರೈತರಿಗೆ ಬಿತ್ತನೆಗೆ ಕೊಡುವ ಶೇಂಗಾವನ್ನು ಅಲ್ಲಿ ಸುಲಿಸುತ್ತಿದ್ದರು. ಮೊದಲೆಲ್ಲ ಹೆಂಗಸರು ಸಾಲಾಗಿ ಕುಂತು ಕೈಯಲ್ಲೇ ಸುಲಿಯುತ್ತಿದ್ದರು. ಆಮೇಲೆ ಫಾರಂ ಸಾಹೇಬರು ಎಲ್ಲಿಂದಲೋ ಸುಲಿಯುವ ಯಂತ್ರಗಳನ್ನು ತರಿಸಿದರು. ನಾಲ್ಕು ಕಾಲಿನ ಮೇಲೆ ಒಂದು ಕಬ್ಬಿಣದ ತೊಟ್ಟಿ, ತಳಕ್ಕೆ ಜಾಲರಿ, ಮೇಲೊಂದು ಉದ್ದನೆಯ ಹಿಡಿ. ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಕಾಯಿ ಉಜ್ಜಿ ಒಡೆದು ಬೀಜ ಕೆಳಗೆ ಉದುರುತ್ತಿತ್ತು. ಸಾಹೇಬರಿಗೆ ಆ ಯಂತ್ರಗಳೆಂದರೆ ಹೆತ್ತ ಮಕ್ಕಳಿಗಿಂತ ಹೆಚ್ಚು. ಬಂದವರಿಗೆಲ್ಲ ತಾವೇ ನಿಂತು ಆಡಿಸಿ ತೋರಿಸುತ್ತಿದ್ದರು. ಅವರೂ ನಮ್ಮ ತಿಪ್ಪೇಶನಷ್ಟೇ ಎತ್ತರ.

ಆ ಯಂತ್ರದಲ್ಲಿ ಗಂಗಮ್ಮನ ಕೈ ಜಜ್ಜಿಹೋಯಿತು. ಗಂಗಮ್ಮ ಕುರುಬರ ಹೆಣ್ಣುಮಗಳು, ಗಿಡ್ಡನೆಯ ಆಳು, ಮಾತು ಖಡಕ್. ಗಂಡ ಕುರಿ ಹಿಂಡು ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಊರಿಗೆ ಬರುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಇವಳು ಫಾರಂನಲ್ಲಿ ಮಾಡುವ ಕೂಲಿಯಿಂದ. ಒಂದು ದಿನ ಹಿಡಿ ಆಡಿಸುತ್ತಾ ಜಾರಿದಳು, ಬಲಗೈ ತೊಟ್ಟಿಗೂ ಹಿಡಿಗೂ ನಡುವೆ ಸಿಕ್ಕಿತು. ಗಾಯ ಮಾಯಿತು, ಆದರೆ ಎರಡು ಬೆರಳು ಮಡಚದೇ ಹೋದವು. ಸಾಹೇಬರು ಕೆಟ್ಟವರಲ್ಲ, ಆಸ್ಪತ್ರೆಗೆ ತಮ್ಮ ಜೀಪಿನಲ್ಲೇ ಕಳಿಸಿದ್ದರು. ಆದರೆ ಅವರ ತೀರ್ಮಾನ ಗಟ್ಟಿಯಾಗಿತ್ತು. ಇನ್ನು ಮುಂದೆ ಯಂತ್ರಕ್ಕೆ ಗಂಡಾಳು. ಹೆಂಗಸರು ಬೇರೆ ಕೆಲಸ ನೋಡಿಕೊಳ್ಳಲಿ. ಸುತ್ತ ಬೇರೆ ಕೆಲಸ ಇದ್ದರಲ್ಲವೇ ನೋಡಿಕೊಳ್ಳುವುದು?

ಆ ಅಪಘಾತದ ವಿಚಾರಣೆಗೆಂದು ಮೇಲಿನ ಕಚೇರಿಯವರು ಕಳಿಸಿದ್ದು ನನಗೆ ಈ ಲೆಕ್ಕ ಹೇಳಿಕೊಟ್ಟ ಮೇಡಂ ಅವರನ್ನು. ಜೀಪಿನಿಂದ ಇಳಿದದ್ದು ನೋಡಿದೆ: ಎತ್ತರದ ಹೆಂಗಸು, ಮೊಣಕಾಲ ಹತ್ತಿರ ಎತ್ತಿ ಸಿಕ್ಕಿಸಿದ ಖಾದಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಕೈಯಲ್ಲಿ ಗಂಡಸರ ಛತ್ರಿ. ಮೈಸೂರಿನಲ್ಲಿ ಓದಿ, ಉತ್ತರದ ಕಡೆ ಎಲ್ಲೋ ಸಂಶೋಧನೆ ಮಾಡಿ ಬಂದವರು. ಅವರು ಕಲಿತ ವಿದ್ಯೆಯ ಹೆಸರು ಎರ್ಗನಾಮಿಕ್ಸ್. ನನ್ನ ನಾಲಿಗೆಗೆ ಅದು ಹೊರಳಲು ಒಂದು ವಾರ ಬೇಕಾಯಿತು. "ಅಂದರೆ ಏನು ಮೇಡಂ?" ಎಂದು ಕೇಳಿದ್ದಕ್ಕೆ, "ಮನುಷ್ಯರನ್ನು ಯಂತ್ರಕ್ಕೆ ತಕ್ಕ ಹಾಗೆ ಬಗ್ಗಿಸೋದು ಬಿಟ್ಟು, ಯಂತ್ರವನ್ನ ಮನುಷ್ಯರಿಗೆ ತಕ್ಕ ಹಾಗೆ ಬಗ್ಗಿಸೋದು" ಎಂದರು. ಫಾರಂನ ಹೆಂಗಸರು ಅದಕ್ಕೆ ಮೊಣಕೈ ವಿದ್ಯೆ ಎಂದು ಹೆಸರಿಟ್ಟರು. ಅವರಿಗೆ ಮೊಣಕೈ ಮೇಡಮ್ಮ ಎಂದು.

ಇಟ್ಟ ಹೆಸರು ಸುಳ್ಳಲ್ಲ. ಎಲ್ಲಿ ಹೋದರೂ ತೋಳು ಪಕ್ಕೆಗೆ ಒತ್ತಿ, ಮುಂಗೈ ಚಾಚಿ ನೋಡುವುದೇ ಅವರ ಚಾಳಿ. ನಲ್ಲಿಯ ಮುಂದೆ, ಬಾಗಿಲ ಅಗುಳಿಯ ಮುಂದೆ, ಪೋಸ್ಟಾಫೀಸಿನ ಕಿಟಕಿಯ ಮುಂದೆ. ಹಿರಿಯೂರಿನ ಹೋಟೆಲಿನಲ್ಲಿ ಕಾಫಿ ಲೋಟ ಕೈ ಸುಟ್ಟು ಗಿರಾಕಿ ಒಬ್ಬ ಚೆಲ್ಲಿಕೊಂಡಾಗ ಮಾಲೀಕ ಅವನನ್ನು ಬೈದ. ಇವರು ಎದ್ದುಹೋಗಿ, "ಆ ಲೋಟವನ್ನು ನೀವು ಹಿಡಿದುಕೊಂಡು ಬೈಯಿರಿ" ಎಂದರು. ಮಾಲೀಕ ಹಿಡಿದ. ಬೈಗುಳ ಅರ್ಧಕ್ಕೇ ನಿಂತಿತು. ಮುಂದಿನ ಸಲ ನಾವು ಹೋದಾಗ ಲೋಟದ ಜೊತೆ ಬಟ್ಟಲು ಬಂತು.

ಬಸ್ಸಿನದು ಇನ್ನೂ ಚೆನ್ನ. ಐಮಂಗಲದಲ್ಲಿ ಬಸ್ಸಿನ ಮೊದಲ ಮೆಟ್ಟಿಲು ಎತ್ತರವಾಗಿ ಮುದುಕಿಯರು ಹತ್ತಲಾರದೆ ಒದ್ದಾಡುತ್ತಿದ್ದರು, ಕಂಡಕ್ಟರು "ಬೇಗ ಬೇಗ" ಎಂದು ಕೂಗುತ್ತಿದ್ದ. ಇವರು ಅವನನ್ನು ಕೆಳಗಿಳಿಸಿ, ಒಂದು ಕಂಕುಳಿಗೆ ಯಾರದೋ ಕೂಸು, ಇನ್ನೊಂದು ಕೈಗೆ ತರಕಾರಿ ಬುಟ್ಟಿ ಕೊಟ್ಟು, "ಈಗ ಬೇಗ ಹತ್ತಿ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರು ಕೂಸನ್ನು ವಾಪಸು ಕೊಟ್ಟು, "ಮೆಟ್ಟಿಲು ನಾನು ಮಾಡಿದ್ದಲ್ರಿ ಮೇಡಮ್ಮ" ಎಂದ. "ನಿಲ್ಲಿಸೋ ಜಾಗ ನಿಮ್ಮದೇ ಅಲ್ಲವಾ?" ಎಂದು ಪಕ್ಕದ ದಿಬ್ಬ ತೋರಿಸಿದರು. ಅಂದಿನಿಂದ ಬಸ್ಸು ದಿಬ್ಬಕ್ಕೆ ಒತ್ತಿ ನಿಲ್ಲುತ್ತಿತ್ತು, ಮುದುಕಿಯರು ಹೊಸ್ತಿಲು ದಾಟಿದಷ್ಟು ಸಲೀಸಾಗಿ ಒಳಗೆ ಹೋಗುತ್ತಿದ್ದರು.

ಅವರು ದೇವತೆ ಎಂದು ನಾನು ಹೇಳುತ್ತಿಲ್ಲ. ಹಟಮಾರಿ, ಊಟದ ಹೊತ್ತಿಗೆ ಊಟ ಮಾಡಿದವರಲ್ಲ, ಯಾರನ್ನೂ ಬಾಯಿ ತುಂಬ ಹೊಗಳಿದವರಲ್ಲ. ಊರಿಗೆಲ್ಲ ಬೆನ್ನು ನೆಟ್ಟಗೆ ಇಟ್ಟುಕೊಳ್ಳಿ ಎನ್ನುತ್ತಿದ್ದ ಅವರೇ ಬರೆಯಲು ಕುಂತರೆ ಗೂನು ಹಾಕಿಕೊಂಡು ಮೇಜಿನೊಳಗೇ ಹೋಗುವಂತೆ ಬರೆಯುತ್ತಿದ್ದರು. ನಾನು ಛೇಡಿಸಿದರೆ, "ನನ್ನ ಮೇಜು ಸರಿ ಇಲ್ಲ" ಎನ್ನುತ್ತಿದ್ದರು. ತಮ್ಮ ತಪ್ಪನ್ನೂ ಮೇಜಿನ ಮೇಲೆ ಹಾಕುವ ವಿದ್ಯೆ!

ವಿಚಾರಣೆಯ ಮೊದಲ ದಿನ ಸಾಹೇಬರು ಶೆಡ್ಡಿನಲ್ಲಿ ಹೆಂಗಸರ ಎದುರಿಗೇ ಹೇಳಿದರು. "ಯಂತ್ರದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ ಮೇಡಂ. ಇವರ ಮೈಯಲ್ಲೇ ತಪ್ಪಿರೋದು. ಬೀಜವನ್ನೂ ಒಡೆದು ಹಾಕ್ತಾರೆ, ಕೈಯನ್ನೂ ಒಡ್ಕೋತಾರೆ. ನಿಮ್ಮ ರಿಪೋರ್ಟಿನಲ್ಲಿ ಅಷ್ಟು ಬರೆದರೆ ಸಾಕು." ಗಂಗಮ್ಮ ಬಾಗಿಲ ಹತ್ತಿರ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು.

ಮೇಡಂ ಛತ್ರಿಯನ್ನು ಗೋಡೆಗೆ ಒರಗಿಸಿದರು. ಶೆಡ್ಡೆಲ್ಲ ಸುತ್ತಾಡಿ, ಗೋಡೆ ಬದಿಯ ಗೋಣಿಚೀಲಗಳನ್ನು ಎತ್ತಿ ನೋಡಿದರು. ಒಂದೊಂದು ಯಂತ್ರದ ಪಕ್ಕಕ್ಕೂ ಚೀಲದಡಿ ಒಂದೊಂದು ಚಪ್ಪಡಿ ಕಲ್ಲು. ಕಾಲು ತಿಕ್ಕಿ ತಿಕ್ಕಿ ಕಲ್ಲು ಸವೆದು ನುಣ್ಣಗಾಗಿತ್ತು. "ಇದೇನು?" ಎಂದು ಕೇಳಿದರೆ ಯಾರೂ ಉಸಿರೆತ್ತಲಿಲ್ಲ. ಸಾಹೇಬರು ಆಚೆ ಹೋದ ಮೇಲೆ ನಾನೇ ಗದರಿಸಿ ಕೇಳಿದೆ. ಆಗ ಗಂಗಮ್ಮ ಬಾಯಿ ಬಿಟ್ಟಳು. "ಹಿಡಿ ಎಟುಕಂಗಿಲ್ಲಕ್ಕಾ. ಕಲ್ಲು ಹಾಕ್ಕಂಡು ನಿಂತ್ಕಂತಿದ್ವಿ. ಸಾಹೇಬ್ರು ಬಂದ್ರೆ ಮುಚ್ಚಿಡ್ತಿದ್ವಿ. ಎಟುಕಲ್ಲ ಅಂದ್ರೆ ಕೆಲ್ಸ ಹೋಗ್ತೈತೆ ಅಂತ ಭಯ. ಅವತ್ತು ಕಲ್ಲು ಅಳ್ಳಾಡ್ತು, ನಾ ಬಿದ್ದೆ."

ಮೇಡಂ ಒಂದು ಗೋಣಿಚೀಲವನ್ನು ಮಡಚಿ ಯಂತ್ರದ ಮುಂದೆ ಹಾಸಿದರು. ಶೂ ಬಿಚ್ಚಿದರು. ತಮಗೂ ಹಿಡಿ ಎಟುಕದ ಹಾಗೆ ಮೊಣಕಾಲೂರಿ ಕುಂತು, ತಲೆಯ ಮಟ್ಟಕ್ಕೆ ಕೈ ಎತ್ತಿ, ಹಿಡಿ ಆಡಿಸತೊಡಗಿದರು. ಮೊದಲು ಹೆಂಗಸರು ಮುಸಿಮುಸಿ ನಕ್ಕರು. ಅವರು ನಿಲ್ಲಿಸಲಿಲ್ಲ. ಬೆವರು ಇಳಿಯಿತು, ಸೆರಗು ಜಾರಿತು, ಎಟುಕದ ಹಿಡಿಯನ್ನು ಜಗ್ಗಿ ಜಗ್ಗಿ ಎಳೆದದ್ದಕ್ಕೆ ಬೀಜವೆಲ್ಲ ಬೇಳೆಯಾಗಿ ಉದುರಿತು. ನಗು ಯಾವಾಗ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಎದ್ದು ಭುಜ ತಿಕ್ಕಿಕೊಳ್ಳುತ್ತಾ, "ಗಂಗಮ್ಮ, ನಿನಗೂ ಇಲ್ಲೇ ನೋಯ್ತಿತ್ತಾ?" ಎಂದರು. ಗಂಗಮ್ಮ ಅಳಲಿಲ್ಲ, "ಹೂಂ ಅಮ್ಮಾವ್ರೆ, ಅಲ್ಲೇ" ಎಂದಳು. ನನಗೇ ಕಣ್ಣು ಒದ್ದೆಯಾಗಿದ್ದು.

ಅವರು ನೇರ ಸಾಹೇಬರ ಕೋಣೆಗೆ ಹೋದರು. ಒಂದು ಯಂತ್ರ ಕೊಡಿ, ಬದಲಾಯಿಸುತ್ತೇನೆ ಎಂದರು. ಸಾಹೇಬರಿಗೆ ಸಿಟ್ಟು ಬಂತು, ಆದರೆ ಜೂಜು ಒಡ್ಡುವ ಹುಮ್ಮಸ್ಸೂ ಬಂತು. ಫಾರಂನಲ್ಲಿ ಕ್ಷೇತ್ರೋತ್ಸವ ಹತ್ತಿರವಿತ್ತು, ನಾಲ್ಕು ತಾಲ್ಲೂಕಿನ ರೈತರು ಬರುವವರಿದ್ದರು. "ಅವತ್ತು ಎಲ್ಲರ ಎದುರಿಗೆ ನೋಡೋಣ. ನಿಮ್ಮ ಯಂತ್ರದಲ್ಲಿ ಹೆಂಗಸು, ನನ್ನ ಯಂತ್ರದಲ್ಲಿ ಗಂಡಾಳು. ನೀವು ಗೆದ್ದರೆ ಹೆಂಗಸರು ಉಳೀತಾರೆ. ಇಲ್ಲದಿದ್ದರೆ ಅವತ್ತಿಗೇ ಕೊನೆ" ಎಂದರು. ಮೇಡಂ ಒಪ್ಪಿದರು. ಆಚೆ ಬಂದು, "ಹೆಂಗಸು ಅಂದರೆ ಗಂಗಮ್ಮನೇ" ಎಂದರು. ಬೆರಳು ಮಡಚದವಳನ್ನು ಕಣಕ್ಕಿಳಿಸುವುದೇ? "ಅವಳಿಗೆ ಸರಿಹೋದರೆ ಎಲ್ಲರಿಗೂ ಸರಿಹೋಗುತ್ತೆ" ಎಂದುಬಿಟ್ಟರು.

ಮೊದಲ ಹೆಜ್ಜೆಯಲ್ಲೇ ಎಡವಿದೆವು. ಹೆಂಗಸರ ಮೊಣಕೈ ನೆಲದಿಂದ ಎಷ್ಟು ಎತ್ತರ ಎಂದು ಅಳೆಯಬೇಕಿತ್ತು. ಮೇಡಂ ಟೇಪು ಬಿಚ್ಚಿದ್ದೇ ತಡ, ಹೆಂಗಸರೆಲ್ಲ ಶೆಡ್ಡಿನಿಂದ ಆಚೆ. ನಮ್ಮ ಕಡೆ ಸತ್ತವರ ಪಾದದ ಅಳತೆ ತೆಗೆದು ಗುಣಿ ತೋಡುತ್ತಾರೆ. ಬದುಕಿದ್ದವರ ಮೈ ಅಳೆಯುವುದೆಂದರೆ ಗುಣಿ ಕರೆದಂತೆ ಎಂದು ಅವರ ಹೆದರಿಕೆ. ರವಿಕೆ ಹೊಲಿಸಲು ಕೂಡ ದರ್ಜಿಗೆ ಹಳೇ ರವಿಕೆಯನ್ನು ಅಳತೆಗೆ ಕೊಡುತ್ತಿದ್ದರೇ ಹೊರತು ಮೈ ಕೊಡುತ್ತಿರಲಿಲ್ಲ. "ಇನ್ನೂ ಮಕ್ಕಳ ಮದುವೆ ಮಾಡೋದೈತೆ ನನಗೆ, ಈಗ್ಲೇ ಅಳೀಬ್ಯಾಡ್ರಿ" ಎಂದಳು ಒಬ್ಬಳು. ಎಲ್ಲ ಗೊತ್ತಿದ್ದ ನಾನಾದರೂ ಮೊದಲೇ ಹೇಳಬಾರದಿತ್ತೇ? ಹೊಳೆಯಲೇ ಇಲ್ಲ. ಮೇಡಂ ಟೇಪು ಸುತ್ತಿ ಚೀಲಕ್ಕೆ ಹಾಕಿದರು. ಮೂಢನಂಬಿಕೆ, ಅದು ಇದು ಎಂದು ಉಪದೇಶ ಮಾಡಲು ಹೋಗಲಿಲ್ಲ.

ದೀಪಾವಳಿಯ ಮುಂಚಿನ ದಿನಗಳು. ಊರೊಳಗೆ ಮನೆಮನೆಗೂ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದರು. ಮೇಡಂ ಒಂದು ಮನೆಯ ಮುಂದೆ ನಿಂತು ಅದನ್ನೇ ನೋಡಿದರು. ಮಾರನೇ ದಿನ ಶೆಡ್ಡಿನ ಗೋಡೆಗೆ ಸುಣ್ಣ ಹೊಡೆಸಿ, ಬೋಗುಣಿಯಲ್ಲಿ ಕೆಮ್ಮಣ್ಣು ಕದಡಿಸಿ, ಹೆಂಗಸರನ್ನು ಕರೆದರು. "ಮೊಣಕೈ ಅದ್ದಿ ಗೋಡೆಗೆ ಒಂದು ಅಚ್ಚು ಒತ್ತಿ ಹೋಗಿ. ನಿಮ್ಮನ್ನ ನಾನು ಅಳೆಯಲ್ಲ, ಗೋಡೆಯನ್ನ ಅಳೀತೀನಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯಳೊಬ್ಬಳು ಯೋಚಿಸಿ, "ಗೋಡೆ ಅಳದ್ರೆ ಗೋಡೆಗೇ ತಾನೆ ಆಯುಸ್ಸು ಹೋಗೋದು, ಬರ್ರೇ" ಎಂದು ತೀರ್ಪು ಕೊಟ್ಟಳು. ಆಮೇಲೆ ನೋಡಬೇಕಿತ್ತು ಅವರ ಸಂಭ್ರಮ. ಒಬ್ಬರನ್ನೊಬ್ಬರು ತಳ್ಳಿ, ನಕ್ಕು, ಒಬ್ಬಳ ಮೊಣಕೈಯನ್ನು ಇನ್ನೊಬ್ಬಳು ಹಿಡಿದು ಒತ್ತಿ, ಗೋಡೆ ತುಂಬ ಕೆಂಪು ಮೊಗ್ಗು ಬಿಟ್ಟಂತಾಯಿತು. ಹಿಡಿಕೆಯ ದಪ್ಪಕ್ಕೆ ಇನ್ನೊಂದು ಉಪಾಯ: ಹಸಿ ಜೇಡಿಮಣ್ಣಿನ ಉಂಡೆ ಕೊಟ್ಟು ಬಿಗಿಯಾಗಿ ಹಿಸುಕಿರಿ ಎಂದರು. ಗಂಗಮ್ಮ ಹಿಸುಕಿದ ಉಂಡೆಯಲ್ಲಿ ಎರಡು ಬೆರಳಿನ ಗುರುತು ಇರಲಿಲ್ಲ. ಅದನ್ನೇ ಮೇಡಂ ಬಟ್ಟೆಯಲ್ಲಿ ಸುತ್ತಿಕೊಂಡರು.

ಹಿರಿಯೂರಿನಲ್ಲಿ ವೆಲ್ಡಿಂಗ್ ಶಾಪು ಇಟ್ಟಿದ್ದ ಇಮಾಮ್ ಸಾಬರು ಯಂತ್ರ ನೋಡಿ ಹೌಹಾರಿದರು. "ಸರ್ಕಾರಿ ಮಾಲಿನ ಕಾಲು ಕತ್ತರಿಸಂದ್ರೆ ಹೆಂಗಮ್ಮ? ನನ್ ಕಾಲು ಕತ್ತರಿಸ್ತಾರೆ!" ಮೇಡಂ ಗರಗಸವನ್ನು ತಾವೇ ಎತ್ತಿಕೊಂಡರು. ಸಾಬರಿಗೆ ಅವಮಾನವಾಗಿ ಅದನ್ನು ಕಿತ್ತುಕೊಂಡರು. ಪೈಪಿನೊಳಗೆ ಪೈಪು ಕೂರಿಸಿ, ತೂತು ಕೊರೆದು, ಗೂಟ ಸಿಕ್ಕಿಸಿದರೆ ಕಾಲು ಬೇಕಾದ ಎತ್ತರಕ್ಕೆ ನಿಲ್ಲುವ ಹಾಗೆ ಮಾಡಿದರು. ಹಿಡಿಗೆ ಮಣ್ಣಿನ ಉಂಡೆಯ ಆಕಾರಕ್ಕೆ ಕೆತ್ತಿದ ಮರ ಹಾಕಿದರು. ಕೈ ಸಿಕ್ಕಿಕೊಳ್ಳುವ ಜಾಗಕ್ಕೆ ಒಂದು ತಗಡಿನ ತಡೆ ಬಂತು. ಮುಗಿದ ಮೇಲೆ ಇಮಾಮ್ ಸಾಬರು ಆಡಿಸಿ ನೋಡಿ, "ಮಖ್ಖನ್" ಎಂದರು. ಬೆಣ್ಣೆ.

ಕ್ಷೇತ್ರೋತ್ಸವದ ದಿನ ಶಾಮಿಯಾನದ ಕೆಳಗೆ ಎರಡು ಯಂತ್ರ ಅಕ್ಕಪಕ್ಕ. ಹೊಸದುರ್ಗದ ಕಡೆಯ ಗರಡಿಯ ಜಟ್ಟಿಯೊಬ್ಬನನ್ನು ಸಾಹೇಬರು ಹಳೆ ಯಂತ್ರಕ್ಕೆ ಕರೆಸಿದ್ದರು. ಅವನ ತೋಳು ಗಂಗಮ್ಮನ ಸೊಂಟದಷ್ಟಿತ್ತು. ರೈತರು ಅವಳನ್ನು ನೋಡಿ ಅಯ್ಯೋ ಎಂದರು. ಅವಳ ಜೊತೆಯ ಹೆಂಗಸರು ಶಾಮಿಯಾನದ ಅಂಚಿಗೆ ಗುಂಪಾಗಿ ನಿಂತಿದ್ದರು. ಎಲ್ಲರ ಅನ್ನವೂ ಆ ಮಡಚದ ಬೆರಳುಗಳ ಮೇಲೆ ನಿಂತಿತ್ತು.

ಗಂಟೆ ಹೊಡೆಯಿತು. ಜಟ್ಟಿ ಧಡಧಡನೆ ಶುರುಮಾಡಿದ, ನೋಡನೋಡುತ್ತ ಅವನ ರಾಶಿ ಏರಿತು. ನನಗೆ ಕುಂತಲ್ಲಿ ಕೂರಲಾಗಲಿಲ್ಲ. ಗಂಗಮ್ಮ ನೆಲದ ಮೇಲೆ ಪಾದ ಊರಿ, ತೋಳು ಪಕ್ಕೆಗೆ ಒತ್ತಿ, ಮಜ್ಜಿಗೆ ಕಡೆಯುವ ಹದದಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸಿದಳು. ಮೇಡಂ ಅವಳ ಕೈಯನ್ನಾಗಲಿ ರಾಶಿಯನ್ನಾಗಲಿ ನೋಡುತ್ತಿರಲಿಲ್ಲ, ಛತ್ರಿಗೆ ಒರಗಿ ಅವಳ ಭುಜವನ್ನಷ್ಟೇ ನೋಡುತ್ತಿದ್ದರು. "ಭುಜ ಏರಿಲ್ಲ, ಇನ್ನು ಭಯ ಇಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಸ್ವಲ್ಪ ಹೊತ್ತಿಗೆ ಜಟ್ಟಿಯ ವೇಗ ಇಳಿಯಿತು. ಆಗಾಗ ನಿಲ್ಲಿಸಿ ಅಂಗೈ ನೋಡಿಕೊಳ್ಳತೊಡಗಿದ. ಗಂಗಮ್ಮನ ಹದ ಶುರುವಿನಲ್ಲಿ ಇದ್ದಂತೆಯೇ ಇತ್ತು.

ಗಂಟೆ ಮತ್ತೆ ಹೊಡೆದಾಗ ಎರಡು ರಾಶಿಯೂ ಹೆಚ್ಚು ಕಡಿಮೆ ಒಂದೇ. ಸಾಹೇಬರ ಮುಖ ಸಡಿಲವಾಯಿತು. ಅಷ್ಟರಲ್ಲಿ ಐಮಂಗಲದ ಹಿರಿಯ ರೈತರೊಬ್ಬರು ಎದ್ದುಬಂದು ಎರಡೂ ರಾಶಿಯಿಂದ ಒಂದೊಂದು ಬೊಗಸೆ ಎತ್ತಿಕೊಂಡರು. ಜಟ್ಟಿಯ ಬೊಗಸೆಯಲ್ಲಿ, ಅವನು ಜಗ್ಗಿದ ಭರಕ್ಕೆ, ಬೇಳೆಯೇ ಬೇಳೆ. ಗಂಗಮ್ಮನ ಬೊಗಸೆಯಲ್ಲಿ ಬೀಜ ಒಳಸಿಪ್ಪೆಯೂ ಹರಿಯದೆ ಗುಂಡಗಿತ್ತು. ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ಇದು ಹುರ್ಕಂಡು ತಿನ್ನಾ ಬೀಜ. ಇದು ಬಿತ್ತಾ ಬೀಜ. ನನಗೆ ಈಯಮ್ಮ ಸುಲಿದಿದ್ದು ಕೊಡ್ರಿ."

"ನಮಗೂ, ನಮಗೂ" ಎಂದು ರೈತರು ಮುನ್ನುಗ್ಗಿದರು. ಹೆಂಗಸರ ಗುಂಪಿನಿಂದ ಎದ್ದ ಕೇಕೆಗೆ ಶಾಮಿಯಾನ ಹಾರಿಹೋಗಬೇಕಿತ್ತು. ನಾನು ಸರ್ಕಾರಿ ನೌಕರಳು ಎಂಬುದನ್ನು ಮರೆತು ಶಿಳ್ಳೆ ಹೊಡೆದೆ, ಸುಳ್ಳೇಕೆ ಹೇಳಲಿ. ಜಟ್ಟಿಯೂ ಸಂತೋಷದಿಂದ ಗಂಗಮ್ಮನಿಗೆ ಕೈಮುಗಿದ.

ಸಾಹೇಬರಿಗೆ ನಂಬಿಕೆಯಾಗಲಿಲ್ಲ. "ಸರೀರಿ ನೋಡೋಣ" ಎಂದು ಕೋಟು ಬಿಚ್ಚಿ ತಾವೇ ಹೊಸ ಯಂತ್ರದ ಮುಂದೆ ನಿಂತರು. ಆ ಎತ್ತರದ ಮನುಷ್ಯ ಗಂಗಮ್ಮನ ಅಳತೆಯ ಹಿಡಿಗೆ ಬಗ್ಗಿ ಆಡಿಸಿದರು, ಆಡಿಸಿದರು, ಕೊನೆಗೆ ಸೊಂಟ ಹಿಡಿದುಕೊಂಡು, "ಅಯ್ಯಪ್ಪಾ, ಇದೇನು ಯಂತ್ರ ರೀ!" ಎಂದರು.

ಗಂಗಮ್ಮ ಮುಂದೆ ಬಂದಳು. ಬಲಗೈ ಈಗ ಸೆರಗಿನಿಂದ ಆಚೆ ಇತ್ತು. "ಯಂತ್ರದಾಗೆ ಕೂದ್ಲೆಳೆಯಷ್ಟೂ ತಪ್ಪಿಲ್ರೀ ಸಾಹೇಬ್ರೆ" ಎಂದಳು. "ನಿಮ್ಮ ಮೈಯಾಗೇ ತಪ್ಪೈತೆ."

ಆಮೇಲೆ ನಗು ಎಂದರೆ ಅದು ನಗು. ಸಾಹೇಬರ ಕಿವಿ ಕೆಂಪಾಯಿತು. ನಾನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ, ಅಷ್ಟು ಸಿಹಿಯಾಗಿತ್ತು ಆ ಗಳಿಗೆ. ಆದರೆ ಮೇಡಂ ನಗಲಿಲ್ಲ. ಛತ್ರಿ ನನ್ನ ಕೈಗೆ ಕೊಟ್ಟು, ನೆಲಕ್ಕೆ ಕುಕ್ಕರಗಾಲಲ್ಲಿ ಕುಂತು, ನಾಲ್ಕು ಗೂಟ ಕಿತ್ತರು. "ಹಿಡ್ಕೊ ಗಂಗಮ್ಮ" ಎಂದರು. ಇಬ್ಬರೂ ಸೇರಿ ಯಂತ್ರವನ್ನು ಮೇಲೆತ್ತಿ, ಸಾಹೇಬರ ಮೊಣಕೈ ನೋಡಿ, ಮೇಲಿನ ತೂತಿಗೆ ಗೂಟ ಸಿಕ್ಕಿಸಿದರು.

"ಯಾರ ಮೈಯಲ್ಲೂ ತಪ್ಪಿಲ್ಲ" ಎಂದರು. "ಈಗ ಆಡಿಸಿ ಸರ್."

ಸಾಹೇಬರು ಆಡಿಸಿದರು. ಬೀಜ ಗುಂಡಗೆ ಉದುರಿತು. ಒಂದು ಬೊಗಸೆ ಎತ್ತಿ ನೋಡಿ, ಗಂಗಮ್ಮನ ಕಡೆ ತಿರುಗಿ, "ಸೋಮವಾರದಿಂದ ಕೆಲಸಕ್ಕೆ ಬಾರಮ್ಮ. ಎಲ್ಲರೂ ಬನ್ನಿ" ಎಂದರು. ಆ ಸುಗ್ಗಿಗೆ ಎಲ್ಲ ಯಂತ್ರಗಳಿಗೂ ಇಮಾಮ್ ಸಾಬರು ಹೊಸ ಕಾಲು ಹಾಕಿದರು. ಚಪ್ಪಡಿ ಕಲ್ಲುಗಳು ಬಟ್ಟೆ ಒಗೆಯಲು ಹೋದವು.

ಮೇಡಂಗೆ ವರ್ಗವಾದ ದಿನ ಹೆಂಗಸರು ಅವರನ್ನೂ ಬಿಡಲಿಲ್ಲ, ಮೊಣಕೈಗೆ ಕೆಮ್ಮಣ್ಣು ಬಳಿದು ಗೋಡೆಗೆ ಒತ್ತಿಸಿಕೊಂಡರು. ಎಲ್ಲರಿಗಿಂತ ಮೇಲೆ ಒಂದೇ ಒಂದು ಕೆಂಪು ಗುರುತು. ನಾನು ಆ ಕೆಲಸದಲ್ಲಿ ಇದ್ದಷ್ಟು ದಿನವೂ ಆ ಗೋಡೆಗೆ ಮತ್ತೆ ಸುಣ್ಣ ಹೊಡೆಯಲು ಯಾರಿಗೂ ಬಿಡಲಿಲ್ಲ. ಅವರನ್ನು ಬಲ್ಲೆ ಎಂಬುದು ಇವತ್ತಿಗೂ ನನಗೆ ದೊಡ್ಡ ಹೆಮ್ಮೆ.

ತಿಪ್ಪೇಶ ಟೀ ತಣ್ಣಗಾದದ್ದನ್ನೂ ಮರೆತು ಕೇಳಿದ. ಆಮೇಲೆ ತಲೆ ಕೆರೆದುಕೊಂಡು, "ನನ್ನ ಹೆಂಡ್ತಿ ಮಣೆ ಮೇಲೆ ನಿಂತ್ಕಂಡು ಅಡುಗೆ ಮಾಡ್ತಾಳಮ್ಮ. ಕುಳ್ಳಿ ಕುಳ್ಳಿ ಅಂತ ಆಡ್ಕಂತಿರ್ತೀನಿ. ಕಟ್ಟೆ ಕಟ್ಟಿದ್ದು ನಾನೇ" ಎಂದ. ಅವನು ಎದ್ದು ನಮ್ಮ ಕಟ್ಟೆಯನ್ನು ಸರಿಯಾಗಿ ಇಳಿಸಿದ.

ಮಾರನೇ ದಿನ ಪಾಲಿಶ್ ಕೆಲಸಕ್ಕೆ ತಡವಾಗಿ ಬಂದ. ತಲೆಗೂದಲು ಇನ್ನೂ ಒದ್ದೆ, ಅಂಗಿಯೆಲ್ಲ ಹಳೇ ಗಾರೆಯ ಪುಡಿ.

"ಯಾಕಪ್ಪ ಇಷ್ಟು ಹೊತ್ತು?"

"ನಮ್ಮನೆ ಕಟ್ಟೆ ಒಡೆದು ಬಂದೆ ಕಣಮ್ಮ" ಎಂದ.

"ಮಣೆ ಏನು ಮಾಡಿದೆ?"

"ನಾನೇನ್ ಮಾಡ್ಲಿ, ಅವಳೇ ತಗಂಡೋಗಿ ಬಚ್ಚಲ ಒಲೆಗೆ ಹಾಕಿದ್ಲು. ಇವತ್ತು ನಾನು ಮಿಂದಿದ್ದು ಅದ್ರಲ್ಲಿ ಕಾದ ನೀರೇ."